ಕೋರಾ ಬಟ್ಟೆಯ ಕೋಟು

ನಮ್ಮ ಯಜಮಾನರು ಕ್ಷೌರದ ಕೆಲಸಕ್ಕೆ ಬಂದದ್ದು ಅವರ ಭುಜದ ಅಗಲದಿಂದ. ಹಳೆಯ ಕ್ಷೌರಿಕ ತೀರಿಕೊಂಡಾಗ ಅವನ ಬಿಳಿ ಕೋಟನ್ನು ಊರಿನ ಗಂಡಸರೆಲ್ಲ ಸರದಿಯಲ್ಲಿ ನಿಂತು ಹಾಕಿ ನೋಡಿದರಂತೆ. ಒಬ್ಬನಿಗೆ ಕಂಕುಳಲ್ಲಿ ಬಿಗಿ, ಇನ್ನೊಬ್ಬನಿಗೆ ತೋಳು ಮೊಣಕೈಗೇ ನಿಂತಿತು. ಚಲುವಯ್ಯ ಅನ್ನುವ ಬಡಕಲು ಆಸಾಮಿಯ, ಅಂದರೆ ನಮ್ಮ ಯಜಮಾನರ, ಮೈಮೇಲೆ ಮಾತ್ರ ಅದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅಲ್ಲಿಗೆ ಮುಗಿಯಿತು. ಗುಂಡಿ ಹಾಕಿಕೊಳ್ಳುತ್ತಿದ್ದ ಹಾಗೇ ಅವರ ಬೆರಳುಗಳು ಕತ್ತರಿಯನ್ನು ಹುಡುಕಿದವಂತೆ. ಹಿಂದಿನ ದಿನದವರೆಗೂ ಅವರು ಕತ್ತರಿ ಹಿಡಿದದ್ದು ಗಾಳಿಪಟದ ಕಾಗದ ಕತ್ತರಿಸುವುದಕ್ಕೆ ಮಾತ್ರ.

ನಮ್ಮೂರಿನಲ್ಲಿ ಎಲ್ಲರದೂ ಹೀಗೆಯೇ. ಡಾಕ್ಟರ ಕೋಟಿನ ಭುಜ ಕಿರಿದು, ಹಾಗಾಗಿ ನಮ್ಮ ಡಾಕ್ಟರು ಯಾವಾಗಲೂ ತೆಳ್ಳಗಿನ ಹೆಂಗಸರೇ. ಬಸ್ಸಿನ ಡ್ರೈವರನ ಖಾಕಿ ಅಂಗಿ ತುಂಬಲು ಒಳ್ಳೆಯ ಹೊಟ್ಟೆ ಬೇಕು, ಆ ಭಾಗ್ಯ ನಮ್ಮ ಪಕ್ಕದ ಮನೆಯ ಬಾಷಾ ಸಾಹೇಬರಿಗೆ ಇತ್ತು. ಶಾಲೆಯ ಮಕ್ಕಳಿಗೂ ನೀಲಿ ಚಡ್ಡಿ ಹಾಕಿದರೆ ಮಗ್ಗಿ ಬರುತ್ತದೆ, ಬಿಚ್ಚಿದರೆ ಹೋಗುತ್ತದೆ. ಹೆಣ್ಣು ಕೊಡುವವರು ಹುಡುಗನ ಗುಣ ವಿಚಾರಿಸುವುದಕ್ಕೆ ಮೊದಲು ಎದೆಯ ಸುತ್ತಳತೆ ಕೇಳುತ್ತಾರೆ. ನಮ್ಮಪ್ಪನೂ ಕೇಳಿದ್ದರು.

ಅಂಗಿಗೆ ಗೊತ್ತಿರುವುದು ಮೈಗೆ ಬರುವುದರಿಂದ ಮರ್ಯಾದೆಯೂ ಅಂಗಿಗೇ ಸಲ್ಲುತ್ತಿತ್ತು. ಕ್ಷೌರ ಮುಗಿಸಿ ಎದ್ದವರು ಕೋಟಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. "ಚೆನ್ನಾಗಿ ಮಾಡಿದೆ ಚಲುವಯ್ಯ" ಎಂದು ಯಾರೂ ಅಂದದ್ದಿಲ್ಲ. ಅನ್ನಬೇಕೆಂದು ನಮಗೂ ತೋಚಿರಲಿಲ್ಲ. ಸಂಜೆ ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತ ಇವರನ್ನು ಅದೇ ಜನ ಕಂಬವನ್ನು ನೋಡಿದ ಹಾಗೆ ನೋಡಿ ಮುಂದೆ ಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇವರಿಗೆ ಬರುತ್ತಿರಲಿಲ್ಲ. ಕೋಟಿಗೆ ಸಿಗುವ ನಮಸ್ಕಾರದಲ್ಲೇ ಇವರ ಹೊಟ್ಟೆ ತುಂಬುತ್ತಿತ್ತು.

ಮಂಗಳವಾರ ಒಗೆಯುವ ದಿನ. ಅವತ್ತು ಊರಿನ ಅಂಗಿ, ಕೋಟು, ಗೌನುಗಳೆಲ್ಲ ನೀರು ಸುರಿಸುತ್ತ ತಂತಿಯ ಮೇಲೆ ನೇತಾಡುತ್ತಿದ್ದರೆ ಅವುಗಳ ಒಡೆಯರು ಬನಿಯನ್ನಿನಲ್ಲಿ ಕೂತು ಆಕಳಿಸುತ್ತಿರುತ್ತಾರೆ. ಮುನ್ಸೀಫರಿಗೆ ಮನೆಯ ಜಗಳ ಬಿಡಿಸಲೂ ಬಾರದು. ಡಾಕ್ಟರಮ್ಮ ತಮ್ಮದೇ ಮಗುವಿಗೆ ಜ್ವರ ಬಂದರೆ ಪಕ್ಕದ ಮನೆಯ ಅಜ್ಜಿಯನ್ನು ಕರೆಯುತ್ತಾರೆ. ನಡೆಯುವುದು ಅಡುಗೆಮನೆಯೊಂದೇ. ಅಡುಗೆಗೆ ಈ ಊರಿನಲ್ಲಿ ಯಾವ ಅಂಗಿಯೂ ಇಲ್ಲ. ಹಳಬರು ಅದನ್ನು ಕೆಲಸವೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲವೋ ಏನೋ. ಹಾಗಾಗಿ ನಾವು ಹೆಂಗಸರು ಅನ್ನ ಸೀಯಿಸಿ, ಮುದ್ದೆ ಗಂಟು ಕಟ್ಟಿಸಿ, ಬೈಸಿಕೊಂಡು, ಅತ್ತು, ಹೇಗೋ ದಾರಿಗೆ ಬಂದವರು. ಇದನ್ನು ಯಾರೂ ದೊಡ್ಡ ಸಂಗತಿ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ಅಂಥ ಒಂದು ಮಂಗಳವಾರ ಕೋತಿಗಳ ಹಿಂಡು ನಮ್ಮ ಮಾಳಿಗೆಗೆ ಬಂತು. ಸಾಲಾಗಿ ಒಣಗಿದ್ದ ಬಟ್ಟೆಗಳಲ್ಲಿ ಅವಕ್ಕೆ ಬೇಕಾದದ್ದು ಕ್ಷೌರದ ಕೋಟೇ. ದೊಡ್ಡ ಗಡವವೊಂದು ಅದನ್ನು ಹೆಗಲಿಗೇರಿಸಿಕೊಂಡು ನೀರಿನ ಟ್ಯಾಂಕಿನ ಮೇಲೆ ಕೂತು, ಎದುರಿಗೆ ಕೂತ ಕೋತಿಯ ಕೆನ್ನೆಗೂದಲನ್ನು ಬೆರಳಲ್ಲಿ ಎತ್ತಿ ಹಿಡಿದು, ತಲೆ ವಾರೆ ಮಾಡಿ, ಥೇಟು ನಮ್ಮ ಯಜಮಾನರ ಹಾಗೆಯೇ ನೋಡಿತು. ನನಗೆ ನಗು ಬಂತು. ಅಷ್ಟರಲ್ಲಿ ಉಳಿದವಕ್ಕೆ ಹೊಟ್ಟೆಕಿಚ್ಚಾಗಿ ಎಲ್ಲವೂ ಮೇಲೆ ಬಿದ್ದು ಎಳೆದಾಡಿದವು. ನಾನು ಕೋಲು ಹಿಡಿದು ಮೇಲೆ ಹತ್ತುವಷ್ಟರಲ್ಲಿ ಕೋಟು ಚಿಂದಿಯಾಗಿ ನಾಲ್ಕು ದಿಕ್ಕಿಗೆ ಹೋಗಿತ್ತು. ಎಡತೋಳೊಂದು ಮಾತ್ರ ಹುಣಸೆಮರದ ಕೊಂಬೆಗೆ ಸಿಕ್ಕಿಕೊಂಡಿತ್ತು.

ಮರುದಿನ ಇವರು ಆ ತೋಳನ್ನೇ ಏರಿಸಿಕೊಂಡು ಅಂಗಡಿ ತೆರೆದರು. ಮೊದಲು ಬಂದವರು ಬಾಷಾ ಸಾಹೇಬರು. ಎಡಗಡೆ ಏನೋ ಎಂದಿನಂತೆ ನಾಜೂಕಾಗಿ ಆಯಿತು. ಬಲಗಡೆಗೆ ಬಂದಾಗ ಕತ್ತರಿ ನಿಂತುಬಿಟ್ಟಿತು. ಸಾಹೇಬರು ಅರ್ಧ ತಲೆಯಲ್ಲೇ ಬಸ್ಸು ಹತ್ತಿದರು. ಖಾಕಿ ಅಂಗಿಗೆ ತಲೆಯ ಗೊಡವೆ ಇಲ್ಲದ್ದರಿಂದ ಬಸ್ಸೇನೋ ಸರಿಯಾಗಿಯೇ ಹೋಯಿತು, ಆದರೆ ಒಳಗಿದ್ದವರು ಇಳಿಯುವವರೆಗೂ ನಕ್ಕರು. ಅವತ್ತು ಮಧ್ಯಾಹ್ನವೇ ಇವರು ಬಾಗಿಲು ಹಾಕಿಕೊಂಡು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಪುರಸಭೆಯ ಅಧ್ಯಕ್ಷರು ಹೊನ್ನೇಗೌಡರು. ಜರಿಪೇಟ ಸುತ್ತಿದರೆ ಅವರ ಬಾಯಿಂದ ಭಾಷಣ ತಾನಾಗಿ ಬರುತ್ತದೆ. ಅವರು ನಮ್ಮ ಜಗಲಿಗೇ ಬಂದು ಧೈರ್ಯ ಹೇಳಿದರು. "ಹೊಳೆಯಾಚೆ ಊರಲ್ಲಿ ಕ್ಷೌರದ ಕೋಟು ಎರಡಿವೆ. ಒಂದನ್ನ ನಾನು ತರಿಸ್ತೀನಿ. ಅವರು ಸುಲಭಕ್ಕೆ ಬಿಡೋ ಜನ ಅಲ್ಲ, ಸ್ವಲ್ಪ ಕಾಲ ಹಿಡಿಯುತ್ತೆ. ಅಲ್ಲೀವರೆಗೂ ಚಲುವಯ್ಯ ಸುಮ್ಮನಿರ್ಲಿ" ಎಂದರು. ಇವರು ಒಳಗೆ ಮಲಗಿಯೇ ಕೇಳಿಸಿಕೊಂಡರು.

ಸುಮ್ಮನಿರುವುದು ಹೇಗೆಂದು ಗೌಡರು ಹೇಳಲಿಲ್ಲ. ಇವರು ಉಣ್ಣುವುದು ಕಡಿಮೆಯಾಯಿತು, ಮಾತಂತೂ ನಿಂತೇಹೋಯಿತು. ಬೀದಿಗೆ ಹೋದರೆ ಯಾರೂ ಮಾತಾಡಿಸುವುದಿಲ್ಲ, ವಾರದ ಎಲ್ಲ ದಿನವೂ ಮಂಗಳವಾರದ ಹಾಗೆ. ಒಂದು ಬೆಳಿಗ್ಗೆ ಕಾಫಿ ಲೋಟ ಮುಂದಿಟ್ಟಾಗ ಅದನ್ನು ಮುಟ್ಟದೆ, "ಚಿಕ್ಕತಾಯಿ, ಕೋಟಿಲ್ದೇ ಇದ್ರೆ ನಾನ್ಯಾರೆ?" ಎಂದು ಕೇಳಿದರು. ನನ್ನ ಗಂಡ ಅನ್ನಬಹುದಿತ್ತು. ಅದು ಅವರು ಕೇಳಿದ್ದಕ್ಕೆ ಉತ್ತರವಲ್ಲ ಎಂದು ಗೊತ್ತಿತ್ತು. 

ಅವತ್ತೇ ಬಜಾರಿಗೆ ಹೋಗಿ ಕೋರಾ ಬಟ್ಟೆ ಕೊಂಡು ದರ್ಜಿಗೆ ಕೊಟ್ಟೆ. ಅವನು ಕೊರಳಿಗೆ ಟೇಪು ಹಾಕಿಕೊಂಡು, "ಇದರಲ್ಲೇನಿದೆ ತಾಯಿ, ಬರೀ ಬಟ್ಟೆ" ಎಂದು ಗೊಣಗುತ್ತಲೇ ಹೊಲಿದುಕೊಟ್ಟ. ಮನೆಗೆ ತಂದು ಇವರಿಗೆ ತೊಡಿಸಿದೆ. ಬಟ್ಟೆ ಗರಿಗರಿಯಾಗಿ ಸದ್ದು ಮಾಡುತ್ತಿತ್ತು. ಇವರು ಗುಂಡಿ ಹಾಕಿ, ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ ಸ್ವಲ್ಪ ಹೊತ್ತು ನಿಂತರು.

"ಏನೂ ಬರ್ತಿಲ್ಲ ಕಣೆ."

"ಹೇಗೆ ಬರುತ್ತೆ? ಅದಕ್ಕೇನು ಗೊತ್ತು ಪಾಪ, ಈಗ ತಾನೇ ಅಂಗಡಿಯಿಂದ ಬಂದಿದೆ. ನೀವೇ ಹೇಳಿಕೊಡಬೇಕು."

"ನಂಗೇ ಗೊತ್ತಿಲ್ವಲ್ಲ."

"ಹಾಗಾದ್ರೆ ಇಬ್ಬರೂ ಕಲೀರಿ."

ಇವರು ನನ್ನ ಮುಖವನ್ನೇ ನೋಡಿದರು. ಕಲಿಯುವುದು ಅನ್ನುವ ಮಾತನ್ನು ನಮ್ಮೂರಲ್ಲಿ ಆಡುವವರು ಹೆಂಗಸರು ಮಾತ್ರ. ಗಂಡಸರ ಕಿವಿಗೆ ಅದು ಏನೋ ಕಾಯಿಲೆಯ ಹೆಸರಿನ ಹಾಗೆ ಕೇಳುತ್ತದೆ. ನಾನು ಬಿಡಲಿಲ್ಲ. "ಆ ಹಳೇ ಕೋಟೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ, ಅದಕ್ಕೆ ಯಾರೋ ಹೇಳಿಕೊಟ್ಟಿರಬೇಕು ತಾನೆ? ಮದುವೆಯಾಗಿ ಬಂದಾಗ ನಾನು ಮಾಡಿದ ಮುದ್ದೆ ನೆನಪಿದೆಯಾ?"

"ಇದೆ" ಎಂದರು ಇವರು, ತಡಮಾಡದೆ. ಬಹಳ ದಿನದ ಮೇಲೆ ಮುಖದಲ್ಲಿ ಸ್ವಲ್ಪ ನಗೆ ಕಂಡಿತು. "ಒಳಗಡೆ ಹಸಿ ಹಿಟ್ಟಿತ್ತು."

"ತಿಂದ್ರಿ ತಾನೆ? ನೀವು ತಿಂದ್ರಿ ಅಂತ ನಾನು ಮಾರನೇ ದಿನ ಮತ್ತೆ ಮಾಡಿದೆ. ಈಗ ಈ ಜಡೆ ಹಿಡೀರಿ."

ಹೆಂಡತಿಯ ಕೂದಲಿಗೆ ಕತ್ತರಿ ಹಾಕುವುದು ಅಪಶಕುನ ಎಂದು ಗೊಣಗಿದರು. ತುದಿ ಮಾತ್ರ ಕತ್ತರಿಸಲಿ, ತುದಿಗೆ ಯಾವ ಶಕುನವೂ ಇಲ್ಲ ಎಂದೆ.  ನೇರ ಮಾಡಲು ಹೋಗಿ ಎಡಕ್ಕೆ ಜಾಸ್ತಿ ಹೋಯಿತು, ಸರಿಮಾಡಲು ಹೋಗಿ ಬಲಕ್ಕೆ ಜಾಸ್ತಿ ಹೋಯಿತು. ಕೊನೆಗೆ ಸೊಂಟದವರೆಗಿದ್ದ ಕೂದಲು ಬೆನ್ನಿನ ಅರ್ಧಕ್ಕೆ ಬಂದು ಓರೆಯಾಗಿ ನಿಂತಿತು. ಕನ್ನಡಿ ನೋಡಿ ನನಗೆ ಅಳು ಬಂದದ್ದು ನಿಜ. ಇವರಿಗೆ ಕಾಣದ ಹಾಗೆ ಹಿತ್ತಿಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು, "ನಾಳೆಗೆ ಬೇರೆ ತಲೆ ತರ್ತೀನಿ" ಎಂದೆ.

ತಲೆಗಳು ಸಿಕ್ಕಿದ್ದು ಬೀದಿಯ ನಲ್ಲಿಯ ಹತ್ತಿರ. ಕೊಡ ಇಟ್ಟು ಸಾಲಾಗಿ ನಿಂತ ಹೆಂಗಸರ ಮುಂದೆ ನನ್ನ ಜಡೆಯನ್ನು ತಿರುಗಿಸಿ ತೋರಿಸಿದೆ. ಎಲ್ಲರೂ ಬಾಯಿಗೆ ಸೆರಗು ಹಿಡಿದರು. "ನಗಬೇಡ್ರಮ್ಮ. ನಿಮ್ಮ ಮೊದಲ ಸಾರು ಹೇಗಿತ್ತು ನೆನಪು ಮಾಡ್ಕೊಳ್ಳಿ. ನಮ್ಮ ಯಜಮಾನರು ಕೆಲಸ ಕಲೀತಿದ್ದಾರೆ. ಒಬ್ಬೊಬ್ಬರು ಒಂದೊಂದು ತಲೆ ಕಳಿಸಿ" ಎಂದೆ. ಗಂಡಸರ ಮುಂದೆ ಹೇಳಿದ್ದರೆ ಅರ್ಧ ದಿನ ವಿವರಿಸಬೇಕಾಗುತ್ತಿತ್ತು. ಇಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ. ಬಾಷಾ ಸಾಹೇಬರ ಹೆಂಡತಿ ಖಾತೂನಬಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ನಮ್ಮ ಸಾಹೇಬ್ರುದು ಹೆಂಗೂ ಅರ್ಧ ಹೋಗಿದೆ, ಮಿಕ್ಕಿದ್ದೂ ನೀವೇ ತಗೊಳ್ಳಿ ಅಕ್ಕ" ಎಂದಳು. ಮುನ್ಸೀಫರ ಹೆಂಡತಿ ಪದ್ಮಾವತಮ್ಮ ಸ್ವಲ್ಪ ಯೋಚನೆ ಮಾಡಿ, "ನಮ್ಮವರನ್ನ ಮಂಗಳವಾರ ಕಳಿಸ್ತೀನಿ. ಅವತ್ತು ಅವರಿಗೆ ವಾದ ಮಾಡೋಕೆ ಬರಲ್ಲ" ಎಂದರು.

ಹೀಗೆ ಅಂಗಡಿ ಮತ್ತೆ ತೆರೆಯಿತು. ನಮ್ಮೂರ ಜನ ಹುಟ್ಟಿದಾಗಿನಿಂದ ಒಬ್ಬ ಮನುಷ್ಯ ತನ್ನ ಕೆಲಸದಲ್ಲಿ ತಪ್ಪುವುದನ್ನು ಕಂಡವರಲ್ಲ. ನೋಡುವುದಕ್ಕೆ ಪಕ್ಕದ ಬೀದಿಯಿಂದ ಮಕ್ಕಳನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಾಷಾ ಸಾಹೇಬರ ಹಿಂದಲೆಯಲ್ಲಿ ಮೆಟ್ಟಿಲು ಮೂಡಿದವು. ಕೊಬ್ಬರಿ ಅಂಗಡಿಯವನ ಕಿವಿಯ ಮೇಲೆ ಗಾಯವಾಗಿ ಇವರು ಅರಿಸಿನ ಮೆತ್ತಿ ಕೈಮುಗಿದರು. ಗುಂಪಿನಲ್ಲಿ ಒಬ್ಬ ನಗುತ್ತಾನೆ, ಇನ್ನೊಬ್ಬ ಅಯ್ಯೋ ಅನ್ನುತ್ತಾನೆ. ಇವರ ಕೋಟಿನ ಬೆನ್ನು ಬೆವರಿ ಒದ್ದೆಯಾಗುತ್ತಿತ್ತು. ಸಂಜೆ ಮನೆಗೆ ಬಂದವರೇ, "ನಾಳೆ ಹೋಗಲ್ಲ" ಅನ್ನುತ್ತಿದ್ದರು. ನಾನು ಬೆಳಿಗ್ಗೆ ಕೋಟಿಗೆ ಇಸ್ತ್ರಿ ಹಾಕಿ ಬಾಗಿಲ ಹತ್ತಿರ ನೇತುಹಾಕುತ್ತಿದ್ದೆ. ಸ್ವಲ್ಪ ಹೊತ್ತು ಅದನ್ನು ಶತ್ರುವಿನ ಹಾಗೆ ನೋಡಿ, ಆಮೇಲೆ ಹಾಕಿಕೊಂಡು ಹೋಗುತ್ತಿದ್ದರು.

ಮುನ್ಸೀಫ ವಾಸುದೇವಯ್ಯನವರು ಹೆಂಡತಿ ಹೇಳಿದ ಮಂಗಳವಾರವೇ ಬಂದರು. ಹೊಸ ಕೋಟನ್ನು ಅವತ್ತು ನಾನು ಒಗೆದಿರಲಿಲ್ಲ, ಕಲಿಯುವವರಿಗೆ ಮಂಗಳವಾರವೂ ರಜೆಯಿಲ್ಲ. ಮುನ್ಸೀಫರು ಪಂಚೆ, ಬನಿಯನ್ನಿನಲ್ಲಿ ಸಂಕೋಚದಿಂದ ಕುರ್ಚಿಯ ತುದಿಯಲ್ಲಿ ಕೂತರು. ಇವರಿಗೆ ಅವರಿಗಿಂತ ಹೆಚ್ಚು ಸಂಕೋಚ. ಮುಗಿಯುವಷ್ಟರಲ್ಲಿ ನೆತ್ತಿಯ ಮೇಲೆ ಒಂದು ಜುಟ್ಟು ಎದ್ದು ನಿಂತಿತ್ತು. ನೀರು ಹಚ್ಚಿದರೂ ಕೂರಲಿಲ್ಲ, ಎಣ್ಣೆ ಹಚ್ಚಿದರೂ ಕೂರಲಿಲ್ಲ. ಮಾರನೆಯ ದಿನ ಕೋರ್ಟಿದೆ ಎಂದು ನೆನೆದು ಇವರು ರಾತ್ರಿ ಊಟ ಬಿಟ್ಟರು.

ಕೋರ್ಟಿನಲ್ಲಿ ಏನಾಯಿತೆಂದು ಮುನ್ಸೀಫರೇ ಅಂಗಡಿಗೆ ಬಂದು ಹೇಳಿದರು. ಗೌನು ಹಾಕಿ ಪೀಠದಲ್ಲಿ ಕೂತ ಕೂಡಲೇ ವಕೀಲರು ತುಟಿ ಕಚ್ಚಿಕೊಂಡರಂತೆ. ಕಟಕಟೆಯಲ್ಲಿದ್ದ ಕಳ್ಳನೊಬ್ಬ ತಡೆಯಲಾರದೆ ನಕ್ಕೇಬಿಟ್ಟನಂತೆ. ಇವರು ಕುರ್ಚಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದರು, ಬೈಗುಳಕ್ಕೆ ಕಾಯುತ್ತ.

"ತೀರ್ಪು ಎಂದಿನ ಹಾಗೇ ಬಂತು ಚಲುವಯ್ಯ. ಗೌನಿನ ಕೆಲಸ ಗೌನು ಮಾಡ್ತು" ಎಂದರು ಮುನ್ಸೀಫರು. "ಆದ್ರೆ ಎಲ್ಲರೂ ನನ್ನ ಮುಖ ನೋಡಿದ್ರು ನೋಡು. ಇಷ್ಟು ವರ್ಷದಲ್ಲಿ ಅಲ್ಲಿ ಯಾರೂ ಗೌನಿನ ಕೊರಳಿಂದ ಮೇಲೆ ಕಣ್ಣೆತ್ತಿರ್ಲಿಲ್ಲ. ನಕ್ಕಿದ್ನಲ್ಲ, ಆ ಕಳ್ಳನಿಗೆ ನಾನೂ ನಕ್ಕೆ. ಹೊರಗೆ ಬಂದ ಮೇಲೆ ಗುಮಾಸ್ತ ಬಂದು, ಸ್ವಾಮಿ, ನಿಮ್ಮ ಊರು ಯಾವುದು ಅಂತ ಕೇಳ್ದ. ಹನ್ನೆರಡು ವರ್ಷದಿಂದ ಒಟ್ಟಿಗೆ ಕೆಲಸ ಮಾಡ್ತಿದ್ದೀವಿ." ಆಮೇಲೆ ಕುರ್ಚಿಯಲ್ಲಿ ಹಿಂದೆ ಒರಗಿ ಕೂತು, "ಈ ಜುಟ್ಟನ್ನ ಏನಾದ್ರೂ ಮಾಡೋಕಾಗುತ್ತಾ ನೋಡು. ಆಗದಿದ್ರೆ ಇರ್ಲಿ" ಎಂದರು.

ಆ ಮಾತಿನಿಂದ ನಮ್ಮ ಯಜಮಾನರ ಬೆನ್ನು ನೆಟ್ಟಗಾಯಿತು. ಅಂದಿನಿಂದ ಅವರು ಕತ್ತರಿ ಎತ್ತುವ ಮೊದಲು ಕೇಳತೊಡಗಿದರು. ಹೇಗೆ ಮಾಡಲಿ, ಹಿಂದೆ ಎಷ್ಟು ಬಿಡಲಿ, ಇಲ್ಲಿ ಸುಳಿ ಇದೆಯಲ್ಲ, ಇದು ಯಾವ ಕಡೆ ತಿರುಗುತ್ತದೆ? ಗೊತ್ತಿಲ್ಲದವನು ಕೇಳದೆ ಇನ್ನೇನು ಮಾಡಿಯಾನು. ಹಳೆಯ ಕೋಟು ಯಾರನ್ನೂ ಏನೂ ಕೇಳಿದ್ದಿಲ್ಲ. ಕೂತವರಿಗೆ ಐದು ನಿಮಿಷದಲ್ಲಿ ಜೊಂಪು ಹತ್ತುತ್ತಿತ್ತು, ಎದ್ದಾಗ ಊರಿಗೆಲ್ಲ ಒಂದೇ ತಲೆ. ಈಗ ಕೂತವರು ಮಾತಾಡಿದರು. ಯಾರ ತಲೆಯಲ್ಲಿ ಹಳೆಯ ಗಾಯವಿದೆ, ಯಾರಿಗೆ ನರೆ ಬಂದದ್ದು ಕಾಣಬಾರದು, ಯಾರ ಹೆಂಡತಿಗೆ ಹಣೆಯ ಮೇಲೆ ಕೂದಲು ಬಿದ್ದರೆ ಚೆಂದ ಅನ್ನಿಸುತ್ತದೆ, ಎಲ್ಲವೂ ಊಟದ ಹೊತ್ತಿಗೆ ನನ್ನವರೆಗೂ ಬರುತ್ತಿತ್ತು. ಮುಂಚೆ ಇವರು ಸಂಜೆ ಬಂದರೆ "ಏನಾಯ್ತು ಇವತ್ತು" ಎಂದು ಕೇಳಿದಾಗ "ಏನಿಲ್ಲ" ಅನ್ನುತ್ತಿದ್ದರು. ಸುಳ್ಳಲ್ಲ, ಅವರಿಗೆ ನಿಜವಾಗಿ ಏನೂ ಆಗಿರುತ್ತಿರಲಿಲ್ಲ. ಈಗ ನಾನು ಮಾತಿನ ಮಧ್ಯೆ ಮಜ್ಜಿಗೆ ಬಡಿಸಲು ಜಾಗ ಹುಡುಕಬೇಕಾಯಿತು.

ಕೈ ಕೂಡ ಪಳಗುತ್ತ ಬಂತು. ಹಿಂದಲೆಯ ಮೆಟ್ಟಿಲುಗಳು ಹೋದವು. ಮುನ್ಸೀಫರ ಜುಟ್ಟು ಮಲಗಿತು. ಹಳೆಯ ಕೋಟಿನ ನಾಜೂಕು ಇನ್ನೂ ಬಂದಿರಲಿಲ್ಲ. ಒಳ್ಳೆಯ ಕ್ಷೌರ ಎಂದು ಸುಮಾರು ಜನ ಒಪ್ಪುವಷ್ಟು ಬಂದಿತ್ತು. ಬೀದಿಯಲ್ಲಿ, ಬರೀ ಬನಿಯನ್ನಿನಲ್ಲಿದ್ದಾಗಲೂ, ಒಬ್ಬಿಬ್ಬರು ನಿಂತು "ಏನ್ ಚಲುವಣ್ಣ" ಅನ್ನುತ್ತಿದ್ದರು. ಮೊದಲ ಸಲ ಹಾಗೆ ಕರೆದಾಗ ಇವರು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು.

ಆಗಲೇ ಹೊನ್ನೇಗೌಡರು ಹೊಳೆಯಾಚೆಯ ಕೋಟನ್ನು ತಂದದ್ದು. ಅದಕ್ಕಾಗಿ ಎಷ್ಟು ಸಲ ಹರಿಗೋಲು ಹತ್ತಿ ಇಳಿದಿದ್ದರೋ. ಹೇಳಿದ ಮಾತು ಉಳಿಸಿಕೊಂಡರು, ಅವರನ್ನು ಆಡಿಕೊಳ್ಳುವಂತಿಲ್ಲ. ಪೇಟ ಸುತ್ತಿ, ಕೋಟನ್ನು ತಟ್ಟೆಯಲ್ಲಿಟ್ಟು, ಪುರಸಭೆಯ ಜವಾನನ ಕೈಲಿ ಹೊರಿಸಿಕೊಂಡು ಅಂಗಡಿಗೆ ಬಂದಾಗ ಹಿಂದೆ ಅರ್ಧ ಊರೇ ಇತ್ತು. ವಿಷಯ ತಿಳಿದು ನಾನೂ ಓಡಿದೆ.

"ಚಲುವಯ್ಯ, ಬಿಚ್ಚು ಅದನ್ನ. ನಿನ್ನ ಕಷ್ಟ ಮುಗೀತು. ಮೊದಲ ಕ್ಷೌರ ನಂದೇ" ಎಂದು ಗೌಡರು ಪೇಟ ತೆಗೆದು ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಕೂತರು.

ಇವರು ಹೊಸ ಕೋಟನ್ನು ಬಿಚ್ಚಿ ಗೂಟಕ್ಕೆ ಹಾಕಿ, ತಂದದ್ದನ್ನು ತೊಟ್ಟರು. ಭುಜಕ್ಕೆ ಅದೂ ಸರಿಯಾಗಿ ಕೂತಿತು. ಬೆರಳುಗಳು ಒಮ್ಮೆಲೇ ಸಡಿಲವಾದವು, ಕತ್ತರಿ ಹಕ್ಕಿ ಕುಕ್ಕಿದ ಹಾಗೆ ಕಿಚಕಿಚ ಓಡಿತು. ಸುಳ್ಳೇಕೆ ಹೇಳಲಿ, ಆ ಹಳೆಯ ಕೈಚಳಕ ಕಂಡು ನನಗೆ ಸಂತೋಷವೇ ಆಯಿತು. ಇನ್ನು ಗಾಯವಿಲ್ಲ, ನಗೆಪಾಟಲಿಲ್ಲ, ಊಟ ಬಿಡುವುದಿಲ್ಲ. ಗೌಡರು ಗೊರಕೆ ಹೊಡೆದರು. ಆಮೇಲೆ ನಾನು ಇವರ ಮುಖ ನೋಡಿದೆ. ಅದರಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ಆ ಮುಖವನ್ನು ನಾನು ನೆಮ್ಮದಿ ಅಂದುಕೊಂಡಿದ್ದೆ.

ಕ್ಷೌರ ಮುಗಿಯಿತು. ತಲೆ ನುಣ್ಣಗೆ, ತಪ್ಪಿಲ್ಲದೆ, ಊರಿಗೆಲ್ಲ ಆಗುತ್ತಿದ್ದ ಹಾಗೆ ಆಗಿತ್ತು. ಗೌಡರು ಎದ್ದು ಪೇಟ ಸುತ್ತಿಕೊಂಡು, ಕೋಟಿನ ಅಂಚು ಕಣ್ಣಿಗೊತ್ತಿಕೊಂಡರು. ಇವರು ಅದನ್ನು ಬಿಚ್ಚಿ ಇನ್ನೊಂದು ಗೂಟಕ್ಕೆ ನೇತುಹಾಕಿ, ಕೋರಾ ಕೋಟನ್ನು ಮತ್ತೆ ತೊಟ್ಟರು.

"ಇದೇನು?" ಎಂದರು ಗೌಡರು.

"ಎರಡೂ ಇರ್ಲಿ ಗೌಡ್ರೆ. ಅದು ಬೇಕಾದವರಿಗೆ ಅದು, ಇದು ಬೇಕಾದವರಿಗೆ ಇದು."

"ಒಂದು ಅಂಗಡಿಗೆ ಒಂದೇ ಅಂಗಿ. ಅದು ನಿಯಮ, ನಿನಗೂ ಗೊತ್ತು. ಈ ಹೊಸದನ್ನ ಮೇಜು ಒರೆಸೋಕೆ ಇಟ್ಕೊ."

ಇವರು ಮೆಲ್ಲಗೆ ಹೇಳಿದರು: "ಈಗ ತಾನೇ ನಿಮ್ಮ ತಲೆ ಮಾಡ್ದೆ ಗೌಡ್ರೆ. ಹೇಗಿತ್ತು ನಿಮ್ಮ ತಲೆ ಅಂತ ಯಾರಾದ್ರೂ ಕೇಳಿದ್ರೆ ನಂಗೆ ನೆನಪೇ ಇಲ್ಲ. ಕೋಟಿಗೆ ಇರಬೌದು. ನೀವು ಕೂತಿದ್ದೇ ನಂಗೆ ಗೊತ್ತಾಗ್ಲಿಲ್ಲ."

"ನಿಂಗ್ಯಾಕಪ್ಪ ನೆನಪು? ಕೆಲಸ ಆಯ್ತಲ್ಲ."

"ಹೊಸದು ಬೇಡ ಅಂದ್ರೆ ನಾನು ಕುರ್ಚಿ ಬಿಡ್ತೀನಿ. ಭುಜ ಸರಿಹೋಗೋ ಬೇರೆಯವರನ್ನ ನೋಡ್ಕೊಳ್ಳಿ."

 ಇವರಿಗೆ ಇನ್ನಾವ ಕೆಲಸದ ಅಂಗಿಯೂ ಆಗುವುದಿಲ್ಲ, ಎಲ್ಲವನ್ನೂ ಹಿಂದೆಯೇ ತೊಟ್ಟು ನೋಡಿಯಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಆ ದಿನಗಳು ಕಣ್ಣ ಮುಂದೆ ಬಂದವು. ಆದರೂ ಬೇಡ ಅನ್ನಲು ಬಾಯಿ ಬರಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಹೆದರಿಕೆಯೂ ಆಗಿತ್ತು. ಗೌಡರ ಮುಖ ಕೆಂಪಾಯಿತು. "ಸಂಜೆಗೆ ಒಂದು ತೀರ್ಮಾನ ಹೇಳು. ಎರಡರಲ್ಲಿ ಒಂದು" ಎಂದರು. ಹೇಳಿದವರು ಹೋಗಲಿಲ್ಲ, ಬೆಂಚಿನ ಮೇಲೆ ಕೂತರು.

ಸರದಿಯಲ್ಲಿ ಮುಂದಿದ್ದವರು ಮುನ್ಸೀಫರು. ಅವರು ಎರಡು ಗೂಟಗಳನ್ನೂ ನೋಡದೆ ಕುರ್ಚಿಯಲ್ಲಿ ಕೂತುಬಿಟ್ಟರು. "ಹೇಗೆ ಮಾಡ್ಲಿ ಸ್ವಾಮಿ?" ಎಂದು ಇವರು ಕೇಳಿದರು. ಮುನ್ಸೀಫರು ಯೋಚಿಸಿ, ಬೇಸಿಗೆ ಬಂತಲ್ಲ, ಹಿಂದೆ ಸ್ವಲ್ಪ ಗಾಳಿಯಾಡುವ ಹಾಗಿರಲಿ, ಮುಂದೆ ಇರುವ ನಾಲ್ಕು ಕೂದಲನ್ನು ಮಾತ್ರ ಮುಟ್ಟಬೇಡ ಎಂದರು. ಬೆಂಚಿನ ಮೇಲೆ ಕೂತವರು ನಕ್ಕರು. ಇವರು ಒಂದು ಕಡೆ ಹೆಚ್ಚು ಕತ್ತರಿಸಿ, ಛೆ ಅಂದುಕೊಂಡು, ಇನ್ನೊಂದು ಕಡೆಯನ್ನು ಅದಕ್ಕೆ ಸರಿಮಾಡಿದರು. ಗೌಡರ ಕ್ಷೌರಕ್ಕೆ ಹಿಡಿದ ಹೊತ್ತಿನ ಮೂರರಷ್ಟು ಹಿಡಿಯಿತು. ಗೌಡರು ಅಷ್ಟು ಹೊತ್ತೂ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಕೋರಾ ಕೋಟನ್ನಲ್ಲ, ಕೂತವರು ಮಾತಾಡುವುದನ್ನು.

ಊಟದ ಹೊತ್ತಾಗಿ ಜನ ಚೆದುರಿದರು. ಗೌಡರು ಜವಾನನನ್ನೂ ಕಳಿಸಿದರು. ಅಂಗಡಿಯಲ್ಲಿ ನಾವು ಮೂವರೇ ಉಳಿದೆವು. ಆಗ ಅವರು ಎದ್ದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತು, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪೇಟ ತೆಗೆದರೆ ಗೌಡರಿಗೆ ಮಾತು ಸಲೀಸಾಗಿ ಬರುವುದಿಲ್ಲವೆಂದು ಊರಿಗೇ ಗೊತ್ತು. ಬೇಕೆಂದೇ ತೆಗೆದಿದ್ದರು. ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು.

"ನನ್ನ... ಮಗಳ ಮದುವೆ ಇದೆ" ಎಂದರು ಕೊನೆಗೆ. "ಧಾರೆ ಎರೆಯೋವಾಗ ಪೇಟ ಹಾಕ್ಬೇಡ ಅಂತ ಹಠ ಹಿಡಿದಿದ್ದಾಳೆ. ಅಧ್ಯಕ್ಷರು ಬೇಡ, ಅಪ್ಪ ಬೇಕು ಅಂತಾಳೆ."

ಇವರು ಕತ್ತರಿ ಕೆಳಗಿಟ್ಟು ಕೇಳುತ್ತಿದ್ದರು.

"ನನ್ನ ಕಿವಿ ನೋಡು." ಗೌಡರ ದನಿ ನನಗೆ ಕೇಳಿಸಿದ್ದೇ ಕಷ್ಟ. "ಸಣ್ಣವನಿದ್ದ ಕಾಲದಿಂದ ಹಿಂಗೇ ಎರಡು ಕಡೆ ಎದ್ದು ನಿಂತಿವೆ. ಶಾಲೇಲಿ ಎಲ್ಲ ಹಿಡಿದು ಎಳೀತಿದ್ರು. ಪೇಟ ಬಂದ ಮೇಲೆ ಯಾರೂ ಅದರ ಸುದ್ದಿಗೆ ಬಂದಿಲ್ಲ. ಇವನ್ನ... ಕೂದಲಲ್ಲಿ ಸ್ವಲ್ಪ ಮುಚ್ಚೋಕಾಗುತ್ತಾ?"

ಇವರು ಕುರ್ಚಿಯ ಎಡಕ್ಕೆ ಬಂದು ನೋಡಿದರು, ಬಲಕ್ಕೆ ಹೋಗಿ ನೋಡಿದರು. ಎರಡು ಕಿವಿಗಳನ್ನೂ ಅಂಗೈಯಲ್ಲಿ ಮೃದುವಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು. ಊರಿನ ಅಧ್ಯಕ್ಷರು ಮಗುವಿನ ಹಾಗೆ ತಲೆ ಕೊಟ್ಟು ಕೂತಿದ್ದರು.

"ಗೊತ್ತಿಲ್ಲ ಗೌಡ್ರೆ" ಎಂದರು ಇವರು.

ಕೆಲಸದ ಅಂಗಿ ತೊಟ್ಟವನು ಆ ಮಾತು ಹೇಳಿದ್ದನ್ನು ನಮ್ಮೂರಲ್ಲಿ ಯಾರೂ ಕೇಳಿಲ್ಲ.  ಗೌಡರು ಏಳಲಿಲ್ಲ.

"ಈಗಂತೂ ಆ ಕೋಟು ಕೂದಲೇ ಉಳಿಸಿಲ್ಲ. ಬೆಳೀಲಿ, ಬನ್ನಿ, ಪ್ರಯತ್ನ ಮಾಡೋಣ. ಮದುವೆ ಯಾವಾಗ?"

"ಎರಡು ತಿಂಗಳಿದೆ."

"ಹಾಗಾದ್ರೆ ಒಂದು ಸಲ ತಪ್ಪು ಮಾಡೋಕೂ ಟೈಮಿದೆ" ಎಂದರು ನಮ್ಮ ಯಜಮಾನರು.

ಗೌಡರು ಕನ್ನಡಿಯಲ್ಲಿ ಅವರನ್ನು ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಬಂತು. ಪೇಟವಿಲ್ಲದ ಅವರ ನಗುವನ್ನು ನಾನು ಕೇಳಿದ್ದು ಅದೇ ಮೊದಲು, ಚೆನ್ನಾಗಿತ್ತು. ಕಣ್ಣೊರೆಸಿಕೊಂಡು ಎದ್ದರು. ಪೇಟವನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಗೂಟದ ಮೇಲಿದ್ದ ಹೊಳೆಯಾಚೆಯ ಕೋಟನ್ನು ತೆಗೆದು ಮಡಿಸಿ ಕಂಕುಳಲ್ಲಿಟ್ಟುಕೊಂಡರು.

"ಇದನ್ನ ವಾಪಸ್ ಕೊಟ್ಟು ಬರ್ತೀನಿ ಚಲುವಯ್ಯ" ಎಂದು ಹೇಳಿ, ಬರಿದಲೆಯಲ್ಲೇ ಬೀದಿಗಿಳಿದು ಹೊಳೆಯ ಕಡೆ ನಡೆದರು.